ತೊಂಬತ್ತನಾಲ್ಕು ಕೆಜಿ ಬಸಲಿಂಗ

ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ತೂಗಿದರು. ಎಷ್ಟು ಓದಿದ್ದೀಯ ಎಂದು ಯಾರೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಪಾಸು ಎಂದು ನಾನೇ ಹೇಳಿದೆ. ಮಾಲೀಕ ನರೇಶ್ ಮೊಬೈಲಿನಿಂದ ತಲೆ ಎತ್ತದೆ, "ಅದೆಲ್ಲಾ ಬೇಡ ಗುರು, ತಕ್ಕಡಿ ಹತ್ತು" ಎಂದ. ಕಾಡುಗೋಡಿಯಲ್ಲಿ ಅವನ ಕ್ರೇನ್ ಯಾರ್ಡಿಗೆ ಅಂಟಿಕೊಂಡೇ ಒಂದು ಗುಜರಿ ಅಂಗಡಿ. ಹಳೇ ಕಬ್ಬಿಣ, ರಟ್ಟು, ಒಡೆದ ಬಕೆಟ್ಟು ತೂಗುವ ತಕ್ಕಡಿ. ಅದರ ಮೇಲೆ ನಿಂತೆ. ತೊಂಬತ್ತನಾಲ್ಕು. ಆಗ ನರೇಶ್ ತಲೆ ಎತ್ತಿದ. ನನ್ನನ್ನು ನೋಡಿ ಇನ್ನೊಬ್ಬರು ಅಷ್ಟು ಖುಷಿಪಟ್ಟಿದ್ದು ನನ್ನ ನಲವತ್ತೆರಡು ವರ್ಷದಲ್ಲಿ ಅದೇ ಮೊದಲು. ಹೆಣ್ಣು ನೋಡಲು ಹೋದಾಗಲೂ ಹಾಗಾಗಿರಲಿಲ್ಲ.

ನನ್ನ ಕೆಲಸ ಕ್ರೇನಿನ ಹಿಂದೆ ನಿಲ್ಲುವುದು. ಇನ್ನೇನೂ ಇಲ್ಲ. ಭಾರವಾಗಿರುವುದು, ಅಷ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳದಿ ಬಣ್ಣದ, ಮುಂದೆ ಉದ್ದ ಮೂತಿಯ ಗಾಡಿಯನ್ನು ನೀವು ರಸ್ತೆಯಲ್ಲಿ ನೋಡಿರುತ್ತೀರಿ. ಅದರ ಹಿಂದೆ ಸಿಕ್ಕಿಕೊಂಡು ಬೈದೂ ಇರುತ್ತೀರಿ. ಹೈಡ್ರಾ ಎನ್ನುತ್ತಾರೆ. ಆ ಮೂತಿಗೆ ಬೂಮ್ ಎಂದು ಹೆಸರು. ಪಂಪು ಎಣ್ಣೆಯನ್ನು ಒತ್ತುತ್ತದೆ. ಎಣ್ಣೆ ಸಿಲಿಂಡರಿನೊಳಗಿನ ರಾಡನ್ನು ತಳ್ಳುತ್ತದೆ. ರಾಡು ಬೂಮನ್ನು ಎತ್ತುತ್ತದೆ. ಎಣ್ಣೆಗೆ ದಣಿವಿಲ್ಲ, ಹೆದರಿಕೆಯೂ ಇಲ್ಲ. ಆದರೆ ಎಣ್ಣೆ ಎತ್ತುವುದನ್ನೆಲ್ಲ ಗಾಡಿ ತಡೆಯುವುದಿಲ್ಲ. ಬೂಮು ಮುಂದಕ್ಕೆ ಚಾಚಿದಷ್ಟೂ ಭಾರ ಮುಂದಕ್ಕೆ ಜಗ್ಗುತ್ತದೆ, ಹಿಂದಿನ ಚಕ್ರ ನೆಲ ಬಿಡುತ್ತದೆ. ಆಗ ಇರುವುದು ಎರಡೇ ದಾರಿ. ದೊಡ್ಡ ಕ್ರೇನ್ ತರಿಸಬೇಕು. ಇಲ್ಲವೇ ಹಿಂದೆ ನಾಲ್ಕು ಜನರನ್ನು ಹತ್ತಿಸಬೇಕು. ದೊಡ್ಡ ಕ್ರೇನಿಗೆ ಬಾಡಿಗೆ ಜಾಸ್ತಿ. ನಾವು ಅಗ್ಗ.

ಹತ್ತು ಹನ್ನೊಂದು ಟನ್ನಿನ ಗಾಡಿಗೆ ನಾಲ್ಕು ಜನರ ತೂಕ ಯಾವ ಲೆಕ್ಕ ಎಂದು ಓದಿದವರು ನಗಬಹುದು. ಗಾಡಿ ಏಳಲೋ ಬೇಡವೋ ಎನ್ನುವ ಹೊತ್ತಿನಲ್ಲಿ ಒಂದು ಮೂಟೆ ಸಿಮೆಂಟೂ ಲೆಕ್ಕಕ್ಕೆ ಬರುತ್ತದೆ. ಮೂಟೆ ಕಟ್ಟಬಹುದಲ್ಲ ಎಂದು ನಾನೂ ಒಮ್ಮೆ ಕೇಳಿದ್ದೆ. "ಮೂಟೆನ ಎತ್ತಿ ಇಳ್ಸೋಕೆ ನಾಕ್ ಜನ ಬೇಕಲ್ಲೋ, ನೀವಾದ್ರೆ ನೀವೇ ಅತ್ತಿ ನೀವೇ ಇಳೀತೀರ" ಎಂದಿದ್ದ ಆಪರೇಟರ್ ಮುನಿಯಣ್ಣ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಮುನಿಯಣ್ಣ ಇದೇ ಕಡೆಯವನು. ಅವನಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ಗಾಜಿನ ಕಟ್ಟಡ ನಿಂತಿದೆ. ಅದರ ನೆತ್ತಿಗೆ ಏಸಿ ಯಂತ್ರ ಎತ್ತಿಟ್ಟಿದ್ದು ಇವನೇ. ಕೆಟ್ಟವನಲ್ಲ. ಭಾರ ಮೀರಿದರೆ ಕುಂಯ್ ಎಂದು ಕೂಗುವ ಪೆಟ್ಟಿಗೆಯೊಂದು ಕ್ಯಾಬಿನ್ನಿನಲ್ಲಿತ್ತು. ಅದರ ವೈರನ್ನು ಕಿತ್ತು ಸುತ್ತಿ ಇಟ್ಟಿದ್ದ. "ಸುಮ್ಕೆ ಬಡ್ಕತದೆ ಕಣ್ಲಾ, ತಲೆನೋವು" ಎನ್ನುತ್ತಿದ್ದ. ಹಿಂದಿನ ಚಕ್ರ ಎದ್ದರೆ ಕಿಟಕಿಯಿಂದ ತಲೆ ಹಾಕಿ, "ಅತ್ಲಾ ಬಸಲಿಂಗಾ" ಎಂದು ಕೂಗುತ್ತಿದ್ದ. ನಾನು ಓಡಿ ಹತ್ತುತ್ತಿದ್ದೆ. ನನ್ನ ಹಿಂದೆ ಉಳಿದ ಮೂವರು.

ಶಹಾಪುರದ ಕಡೆ ನಮ್ಮ ಊರಿನಲ್ಲಿ ಗೌಡರ ಚಕ್ಕಡಿಗೆ ಹಿಂದೆ ಹೇರು ಜಾಸ್ತಿಯಾಗಿ ಮುಂದಿನ ಮೂಕಿ ಮರ ಮೇಲೆದ್ದರೆ, ನಮ್ಮ ಕೇರಿಯ ಯಾರನ್ನಾದರೂ ಕರೆದು ಮೂಕಿಯ ಮೇಲೆ ಕೂರಿಸುತ್ತಿದ್ದರು. ನಮ್ಮಪ್ಪ ಬಹಳ ಸಲ ಕೂತಿದ್ದಾನೆ. ಅವನನ್ನು ಹೊಸಿಲು ದಾಟಿಸದವರು ಮೂಕಿಯ ಮೇಲೆ ಮಾತ್ರ ಹತ್ತಿಸುತ್ತಿದ್ದರು. ಈ ಬಾಳೇ ಬೇಡ ಎಂದು ನಾನು ಓದಿ, ಎಸ್ಸೆಸ್ಸೆಲ್ಸಿ ಪಾಸಾಗಿ, ರೈಲು ಹತ್ತಿ ಬಂದೆ. ಅಪ್ಪ ಗಾಡಿಯ ಮುಂದೆ ಕೂತಿದ್ದ. ನಾನು ಗಾಡಿಯ ಹಿಂದೆ ನಿಂತೆ. ನಮ್ಮ ಮನೆತನ ಇಷ್ಟು ಮುಂದುವರಿಯಿತು.

ಪ್ರತಿ ಸೋಮವಾರ ತೂಕ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಆ ವಾರ ಕೆಲಸವಿಲ್ಲ. ನಮ್ಮ ಹೆಸರು, ಎದುರಿಗೆ ಕೆಜಿ, ಮುನಿಯಣ್ಣ ಕ್ಯಾಬಿನ್ನಿನ ಬಾಗಿಲಿನ ಒಳಗೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ. ಭಾನುವಾರ ಯಾರೂ ಉಪವಾಸ ಮಾಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಚೊಂಬುಗಟ್ಟಲೆ ನೀರು ಕುಡಿದು, ಒಂದಕ್ಕೂ ಹೋಗದೆ, ಕಾಲು ಹೊಸೆಯುತ್ತ ಸಾಲಿನಲ್ಲಿ ನಿಲ್ಲುತ್ತಿದ್ದೆವು. ನನಗೆ ಮಾತ್ರ ಆ ಚಿಂತೆ ಇರಲಿಲ್ಲ. ನಾನು ಹುಟ್ಟಾ ಶ್ರೀಮಂತ. ತಕ್ಕಡಿಯ ಮೇಲೆ ನಿಂತು ಸುತ್ತ ನೋಡುತ್ತಿದ್ದೆ, ಊರ ಪಟೇಲನ ಹಾಗೆ.

ಆ ಗತ್ತಿನಲ್ಲೇ ಯಂಕಪ್ಪನಿಗೆ ಬುದ್ಧಿ ಹೇಳಿದ್ದು.

ಯಂಕಪ್ಪ ದೇವದುರ್ಗದ ಕಡೆಯವನು. ಕಟ್ಟಡದ ಕೆಲಸ ನಿಂತು, ಹೆಂಡತಿ ಚನ್ನಕ್ಕನ ಜೊತೆ ನಮ್ಮ ವಠಾರದಲ್ಲೇ ಒಂದು ರೂಮು ಹಿಡಿದಿದ್ದ. ಗಟ್ಟಿ ಆಳು, ಆದರೆ ಮೈಯಲ್ಲಿ ಮಾಂಸವಿಲ್ಲ. ಗುಜರಿ ತಕ್ಕಡಿಯಲ್ಲಿ ಅರವತ್ತೊಂದು ಬಂದು ವಾಪಸ್ಸಾದ. ಮರುದಿನ ನನ್ನ ಹತ್ತಿರ ಬಂದ.

"ಅಣ್ಣಾ, ಒಂದ ವಾರದಾಗ ಒಂಬತ್ತ ಕೆಜಿ ಹ್ಯಾಂಗ ಬರ್ತದ?"

"ಉಂಡ್ರ ಬರಂಗಿಲ್ಲ ತಮ್ಮಾ. ಕಟ್ಟಿಕೊಂಡ್ರ ಬರ್ತದ" ಎಂದೆ.

ಯಾರ್ಡಿನ ಮೂಲೆಯಲ್ಲಿ ಸವೆದ ಶ್ಯಾಕಲ್‌ಗಳ ರಾಶಿ ಇತ್ತು. ಭಾರ ಎತ್ತುವ ಬೆಲ್ಟನ್ನು ಕ್ರೇನಿನ ಕೊಕ್ಕೆಗೆ ಸೇರಿಸುವ ಕಬ್ಬಿಣದ ಬಳೆಗಳು, ಒಂದೊಂದು ನಾಲ್ಕೂವರೆ ಕೆಜಿ. ಎರಡನ್ನು ಆರಿಸಿ, ಟವೆಲಿನಲ್ಲಿ ಸುತ್ತಿ, ಅಂಗಿಯ ಒಳಗೆ ಅವನ ಸೊಂಟಕ್ಕೆ ನಾನೇ ಬಿಗಿಯಾಗಿ ಕಟ್ಟಿದೆ. ಗಂಟು ಹಿಂದಕ್ಕೆ ಹಾಕಿದೆ, ಹೊಟ್ಟೆ ಉಬ್ಬಿ ಕಾಣಬಾರದೆಂದು. ತಕ್ಕಡಿ ಎಪ್ಪತ್ತು ತೋರಿಸಿತು. ನರೇಶ್ ಬೆನ್ನು ತಟ್ಟಿದ. ಎಲ್ಲರಿಗೂ ನಗು. ನನಗೆ ಅಂದು ಇಡೀ ದಿನ ನನ್ನ ಜಾಣತನದ್ದೇ ಧ್ಯಾನ. ಆಮೇಲೆ ಪ್ರತಿ ಸೋಮವಾರ ಅವನು ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ನಾನು ಕಟ್ಟುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬಿಚ್ಚುತ್ತಿದ್ದ. ಅದಕ್ಕೆ ಮುಂಚೆ ಬಿಚ್ಚಲು ಬಿಡುವು ಸಿಗುತ್ತಿರಲಿಲ್ಲ.

ಅದೂ ಸೋಮವಾರವೇ, ಊಟಕ್ಕೆ ಮುಂಚೆ. ಬೆಳ್ಳಂದೂರಿನ ಒಂದು ಟೆಕ್ ಪಾರ್ಕಿಗೆ ಚಿಲ್ಲರ್ ಎತ್ತಿಡಲು ಹೋಗಿದ್ದೆವು. ಏಸಿಗೆ ನೀರು ತಣ್ಣಗೆ ಮಾಡಿಕೊಡುವ ಯಂತ್ರ, ನಮ್ಮ ರೂಮಿಗಿಂತ ದೊಡ್ಡದು. ಅಲ್ಲಿನ ಸೇಫ್ಟಿ ಆಫೀಸರ್ ಸ್ಫೂರ್ತಿ ಮೇಡಂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಹೇಳಿಸಿದರು. ನನ್ನ ಪ್ರಾಣ ನನ್ನ ಜವಾಬ್ದಾರಿ ಎಂದು ಹೇಳಿದೆವು. ಫೋಟೋ ತೆಗೆದರು. ಆಮೇಲೆ ಕ್ರೇನ್ ನೋಡಿದರು, ಚಿಲ್ಲರ್ ನೋಡಿದರು, ನಮ್ಮನ್ನು ನೋಡಿದರು. "ನರೇಶ್, ಐ ವಿಲ್ ಬಿ ಇನ್ ದ ಕೆಫೆಟೇರಿಯಾ. ಮುಗಿದ್ಮೇಲೆ ಕಾಲ್ ಮಾಡಿ" ಎಂದು ಹೋದರು. ಅವರಿಗೆ ಕಾಫಿ ಬೇಕಾಗುವ ಹೊತ್ತು ಪ್ರತಿ ಸಲವೂ ನಾವು ಹತ್ತುವ ಹೊತ್ತೇ ಆಗಿರುತ್ತಿತ್ತು.

ಚಿಲ್ಲರ್ ನೆಲ ಬಿಟ್ಟಿತು. ನಮ್ಮ ಕಾಲ ಕೆಳಗಿನ ಕಬ್ಬಿಣ ಗೇಣು ಎದ್ದಿತು, ಮೊಳ ಎದ್ದಿತು. ನಾಲ್ವರೂ ಹಿಂದಕ್ಕೆ ಜೋತುಬಿದ್ದೆವು. "ಇನ್ನೂ ಜಗ್ರಲಾ" ಎಂದು ಮುನಿಯಣ್ಣ ಕೂಗಿದ. ಅಷ್ಟರಲ್ಲಿ ಮುಂದೆ ಬೆಲ್ಟು ಕಿತ್ತುಹೋಯಿತು. ಚಿಲ್ಲರ್ ಬಿತ್ತು. ಮುಂದಿನ ಭಾರ ಹೋದದ್ದೇ ಹಿಂಭಾಗ ನೆಲಕ್ಕೆ ಅಪ್ಪಳಿಸಿ ಮತ್ತೆ ಪುಟಿಯಿತು. ಮೂವರು ಹಾರಿಕೊಂಡೆವು. ತೊಂಬತ್ತನಾಲ್ಕು ಕೆಜಿಯ ನಾನೂ ಹಾರಿದೆ, ಹೇಗೆ ಎಂದು ಕೇಳಬೇಡಿ. ಯಂಕಪ್ಪನೂ ಹಾರಿದ. ನಮ್ಮೆಲ್ಲರಿಗಿಂತ ಚುರುಕಿನವನು, ಆದರೆ ಸೊಂಟದಲ್ಲಿ ಒಂಬತ್ತು ಕೆಜಿ ಕಬ್ಬಿಣವಿತ್ತು. ಒಂದು ಮೊಳ ದೂರ ಕಡಿಮೆ ಬಿತ್ತು. ಎಡಗಾಲಿನ ಮೇಲೆ ಚಕ್ರ ಇಳಿಯಿತು.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅದಕ್ಕೂ ಮುಂಚೆ ಅಂಗಿ ಕತ್ತರಿಸಿದಾಗ ಟವೆಲು ಬಿಚ್ಚಿ ಶ್ಯಾಕಲ್‌ಗಳು ನೆಲಕ್ಕೆ ಬಿದ್ದವು. ನರೇಶ್ ಅಲ್ಲೇ ಇದ್ದ. ಬಗ್ಗಿ ಎತ್ತಿಕೊಂಡ. ಸ್ವಲ್ಪ ಹೊತ್ತು ಕೈಯಲ್ಲಿ ತೂಗಿ ನೋಡಿದ. ಅವನು ದಡ್ಡನಲ್ಲ. ಪ್ರತಿ ಸೋಮವಾರ ಎಪ್ಪತ್ತು ತೂಗಿದ ಆ ಬಡಕಲು ಮೈಯ ಗುಟ್ಟು ಅವನಿಗೆ ಅಲ್ಲೇ ತಿಳಿಯಿತು. ಆದರೂ ಆ ಕಬ್ಬಿಣದಿಂದ ಬೇರೆ ಕೆಲಸ ಮಾಡಿಸಬಹುದು ಎಂಬುದೂ ಅಲ್ಲೇ ಹೊಳೆಯಿತು.

ಮರುದಿನ ನನ್ನನ್ನು ಆಫೀಸಿಗೆ ಕರೆದ. ಕ್ಯಾಬಿನ್ನಿನ ಬಾಗಿಲಿನ ಒಳಗಿದ್ದ ನಮ್ಮ ಹೆಸರುಗಳನ್ನು ಮುನಿಯಣ್ಣ ಆಗಲೇ ಒದ್ದೆ ಬಟ್ಟೆಯಿಂದ ಒರೆಸಿದ್ದ.

"ಬನ್ನಿ ಬಸಲಿಂಗ ಅವ್ರೆ, ಕೂತ್ಕೊಳ್ಳಿ" ಎಂದ ನರೇಶ್. ಅವ್ರೆ. ಕುರ್ಚಿ. ಗಾಜಿನ ಲೋಟದಲ್ಲಿ ಟೀ. ನನ್ನ ಬೆನ್ನುಮೂಳೆ ಅಲ್ಲೇ ಅರ್ಧ ಕರಗಿತು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಇತ್ತು. ಯಂಕಪ್ಪ ಎಂಬಾತ ಸಂಸ್ಥೆಯ ಕೆಲಸಗಾರನಲ್ಲ. ಕಬ್ಬಿಣದ ಸಾಮಾನು ಕದ್ದು ಸೊಂಟಕ್ಕೆ ಕಟ್ಟಿಕೊಂಡು ಕ್ರೇನಿನ ಮರೆಯಲ್ಲಿ ಅವಿತಿದ್ದಾಗ ಆಕಸ್ಮಿಕ ಸಂಭವಿಸಿದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಂಡವನು ನಾನು. ಕೆಳಗೆ ನನ್ನ ಹೆಸರು.

ಓದು ಬಾರದವನು ಹೆಬ್ಬೆಟ್ಟು ಒತ್ತಿದ್ದರೆ ಅವನಿಗೊಂದು ನೆಪವಿರುತ್ತಿತ್ತು. ನಾನು ಎರಡು ಸಲ ಓದಿದೆ. 'ಆಕಸ್ಮಿಕ' ಎಂಬುದಕ್ಕೆ ಒತ್ತು ಬಿಟ್ಟುಹೋಗಿತ್ತು, ಅದನ್ನೂ ತಿದ್ದಿಕೊಟ್ಟೆ. ಆಮೇಲೆ ಸಹಿ ಹಾಕಿದೆ. ಒಂದು ವಾರಕ್ಕೆ ಕಿತ್ತಳೆ ಬಣ್ಣದ ಜಾಕೆಟ್ ಬಂತು. ಬೆನ್ನ ಮೇಲೆ ಸೂಪರ್‌ವೈಸರ್ ಎಂದು ಬರೆದಿತ್ತು. ಇನ್ನು ನಾನು ಹತ್ತಬೇಕಿಲ್ಲ, ಹತ್ತಿಸಿದರೆ ಸಾಕು. ಮೊದಲ ದಿನ ಆ ಜಾಕೆಟ್ ಹಾಕಿಕೊಂಡು ಕಾಡುಗೋಡಿಯ ಸಂತೆಯಲ್ಲಿ ಸುಮ್ಮನೆ ಎರಡು ಸುತ್ತು ತಿರುಗಿದೆ. ತರಕಾರಿಯನ್ನೇನೂ ಕೊಳ್ಳಲಿಲ್ಲ. ಬೆನ್ನು ತೋರಿಸುವುದಿತ್ತು.

ತಿಂಗಳು ಕಳೆದ ಮೇಲೆ ಚನ್ನಕ್ಕ ಒಂದು ಸಂಜೆ ನನ್ನನ್ನು ರೂಮಿಗೆ ಕರೆದಳು. ಇಷ್ಟು ದಿನ ಅವರ ಬಾಗಿಲ ಮುಂದೆ ಹಾಯುವಾಗ ಮೊಬೈಲ್ ಕಿವಿಗಿಟ್ಟುಕೊಂಡು ಮಾತಾಡಿದಂತೆ ನಟಿಸುತ್ತಿದ್ದೆ. ಯಂಕಪ್ಪ ಗೋಡೆಗೆ ಒರಗಿ ಕೂತಿದ್ದ. ಲುಂಗಿಯ ಎಡಭಾಗ ಬರಿದಾಗಿ ನೆಲಕ್ಕೆ ಚಪ್ಪಟೆ ಬಿದ್ದಿತ್ತು. ಅತ್ತ ನೋಡದಿರಲು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಬಸಣ್ಣಾ, ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೀನಿ" ಎಂದಳು ಚನ್ನಕ್ಕ. "ಗುರುವಾರ ಸಾಹೇಬ್ರು ಆ ಪಾರ್ಕಿಗೇ ಬಂದು ನೋಡ್ತಾರಂತ. ಕಾಲು ಹೋತು, ಹೋಗ್ಲಿ. ಕಳ್ಳ ಅಂದಾರಲ್ಲ, ಅದು ಹ್ಯಾಂಗ ಹೋಗ್ತದ? ಓಣ್ಯಾಗ ನೀರಿಗೆ ನಿಂತ್ರ ಕೊಡಾ ಸರಿಸ್ತಾರ ಹೆಂಗಸ್ರು. ಯಾವನೋ ಸಾಕ್ಷಿ ಸಹಿ ಬ್ಯಾರೆ ಹಾಕ್ಯಾನಂತ, ಹೆಸರು ಹೇಳವಲ್ರು. ನೀ ಖರೇ ಕಂಡಾಂವ. ನೀ ಬಂದು ಹೇಳು."

ಯಂಕಪ್ಪ ನನ್ನನ್ನೇ ನೋಡುತ್ತಿದ್ದ. ಕಬ್ಬಿಣ ಯಾರು ಕಟ್ಟಿದರು ಎಂದು ಅವನು ಹೆಂಡತಿಗೂ ಹೇಳಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಸಹಿ ಯಾರದೆಂದೂ ಅವನು ಊಹಿಸಿದ್ದ. ನನ್ನ ಜಾಕೆಟ್ಟಿನ ಬಣ್ಣ ಅಷ್ಟು ಜೋರಾಗಿತ್ತು.

"ಬಿಡಲೇ ಚನ್ನಿ, ಆಂವನ ಕೆಲಸ ಹೋಗ್ತದ" ಎಂದ. ನಂತರ ನನ್ನ ಕಡೆ ತಿರುಗಿ, "ಅಣ್ಣಾ, ಈಗ ಎಷ್ಟ ಆಗಿರಬೇಕು ನಾ? ಐವತ್ತೈದು?" ಎಂದು ನಕ್ಕ.

ನಾನೂ ನಕ್ಕೆ. ಅಷ್ಟು ಹೇಸಿಗೆಯ ನಗು ನನ್ನ ಬಾಯಿಂದ ಎಂದೂ ಬಂದಿರಲಿಲ್ಲ. ಎದ್ದು ಬಂದೆ. ನನಗೆ ನನ್ನ ಮೇಲೆ ಸಿಟ್ಟು ಬಂತು, ಸುಳ್ಳೇಕೆ. ಆದರೆ ಅದು ಉಳಿಯುವ ಸಿಟ್ಟಲ್ಲ ಎಂಬುದೂ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಜಾಕೆಟ್ಟನ್ನು ಒಗೆದು ಒಣಗಿಸಿದೆ, ಗುರುವಾರಕ್ಕೆ ಚೆನ್ನಾಗಿ ಕಾಣಲಿ ಎಂದು.

ಗುರುವಾರ ಹನ್ನೊಂದಕ್ಕೆ ಅಧಿಕಾರಿ ಬಂದರು. ವಯಸ್ಸಾದವರು, ಕೈಯಲ್ಲಿ ಬಟ್ಟೆಯ ಚೀಲ. ಚನ್ನಕ್ಕ ಗೇಟಿನ ಹತ್ತಿರ ನಿಂತಿದ್ದಳು. ಸ್ಫೂರ್ತಿ ಮೇಡಂ ಫೈಲು ಹಿಡಿದಿದ್ದರು. ಅಂದು ಕೆಫೆಟೇರಿಯಾ ಇರಲಿಲ್ಲ. ನರೇಶ್ ಎಲ್ಲ ಸಿದ್ಧ ಮಾಡಿದ್ದ. ಕ್ರೇನಿನ ಮುಂದೆ ಒಂದು ಕಬ್ಬಿಣದ ಕ್ಯಾಬಿನೆಟ್ ಇಟ್ಟಿದ್ದ, ಒಳಗೆ ಖಾಲಿ. ಬಿದ್ದು ನೆಗ್ಗಿದ ಚಿಲ್ಲರ್ ಅದೇ ಅಂಗಳದ ಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗಿತ್ತು.

"ಸಾರ್, ಇದು ಫುಲ್ ಹೈಡ್ರಾಲಿಕ್" ಎಂದ ನರೇಶ್. "ಎಷ್ಟಿದ್ರೂ ಮಷೀನೇ ಎತ್ತತ್ತೆ. ಹಿಂದೆ ಮನುಷ್ಯರನ್ನ ನಿಲ್ಸೋದೆಲ್ಲ ನಮ್ ಕಡೆ ಇಲ್ವೇ ಇಲ್ಲ. ನಮ್ ಸೂಪರ್‌ವೈಸರ್‌ನೇ ಕೇಳಿ, ಅವತ್ತು ಇದ್ದವ್ರು."

ಅಧಿಕಾರಿ ನನ್ನತ್ತ ತಿರುಗಿದರು. ಚೀಲದಿಂದ ನನ್ನ ಸಹಿಯ ಹಾಳೆ ತೆಗೆದರು. "ಬಸಲಿಂಗ ಅಂದ್ರೆ ನೀವೇನಾ? ಈ ಹೇಳಿಕೆ ಕೊಟ್ಟಿದ್ದು ನೀವೇ ತಾನೆ?"

ಚನ್ನಕ್ಕ ಗೇಟಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಮುಖವನ್ನು ನಾನು ನೋಡಲಿಲ್ಲ. ನೋಡದಿದ್ದರೂ ಕಾಣುತ್ತಿತ್ತು.

"ಹೌದು ಸಾರ್."

"ಅವತ್ತು ಎತ್ತಿದ್ದು ಇದನ್ನೇನಾ?" ಎಂದು ಕ್ಯಾಬಿನೆಟ್ ತೋರಿಸಿದರು.

ಹೌದು ಎನ್ನಲು ಬಾಯಿ ತೆರೆದೇ ಇತ್ತು. ನಾನು ಶೂರನಲ್ಲ. ಆ ಖಾಲಿ ಕ್ಯಾಬಿನೆಟ್ಟನ್ನು ಬೆಳಿಗ್ಗೆ ಇಳಿಸಿಟ್ಟವನು ನಾನೇ, ಒಬ್ಬನೇ, ಎರಡು ಕೈಯಲ್ಲಿ. ಯಂಕಪ್ಪನ ಕಾಲು ಹೋದದ್ದು ಇಷ್ಟು ಹಗುರದ ವಸ್ತುವಿಗೆ ಎಂದು ಹೇಳಬೇಕಿತ್ತು. ಆ ಹಗುರವೇ ನನಗೆ ತಡೆಯಲಾಗಲಿಲ್ಲ.

"ಅಲ್ರೀ ಸಾರ್. ಅದು" ಎಂದು ಟಾರ್ಪಾಲಿನ ಕಡೆ ಕೈ ತೋರಿಸಿದೆ.

ನರೇಶ್ ನಕ್ಕ. "ಕನ್‌ಫ್ಯೂಸ್ ಆಗಿದಾನೆ ಸಾರ್."

"ಮಷೀನೇ ಎತ್ತತ್ತೆ ಅಂದ್ರಲ್ಲ" ಎಂದರು ಅಧಿಕಾರಿ. "ಅದನ್ನೇ ಎತ್ತಿ. ಒಂದಡಿ ಸಾಕು. ಹತ್ರ ಯಾರೂ ನಿಲ್ಬೇಡಿ."

ನರೇಶ್ ಮುನಿಯಣ್ಣನ ಮುಖ ನೋಡಿದ. ಮುನಿಯಣ್ಣ ನೆಲ ನೋಡಿದ. ಬೇರೆ ದಾರಿಯಿರಲಿಲ್ಲ. ಟಾರ್ಪಾಲು ತೆಗೆದೆವು. ಹೊಸ ಬೆಲ್ಟು ಹಾಕಿದೆ, ಕೊಕ್ಕೆಗೆ ಸೇರಿಸಿದೆ, ದೂರ ಬಂದು ನಿಂತೆ. ಪಂಪು ಎಣ್ಣೆ ಒತ್ತಿತು. ಬೂಮು ನಡುಗಿತು. ಚಿಲ್ಲರಿನ ಅಡಿಯಲ್ಲಿ ಬೆಳಕು ಕಾಣುವ ಮೊದಲೇ ಹಿಂದಿನ ಚಕ್ರ ನೆಲ ಬಿಟ್ಟಿತು. ಗೇಣು. ಮತ್ತೂ ಗೇಣು.

ಮುನಿಯಣ್ಣ ಕಿಟಕಿಯಿಂದ ತಲೆ ಹಾಕಿದ. ಆರು ವರ್ಷದ ಅಭ್ಯಾಸ. ಅಧಿಕಾರಿ, ಮಾಲೀಕ, ಕಾನೂನು, ಯಾವುದೂ ಅವನ ತಲೆಯಲ್ಲಿರಲಿಲ್ಲ. ಗಾಡಿ ಎದ್ದಿದೆ, ಅಷ್ಟೇ.

"ಅತ್ಲಾ ಬಸಲಿಂಗಾ" ಎಂದು ಕೂಗಿದ.

ನಾನು ಓಡಿದೆ. ಸತ್ಯ ಹೇಳುತ್ತೇನೆ, ಓಡಿದೆ. ಒಂದು ನಿಮಿಷದ ಹಿಂದೆ ಬೆರಳು ತೋರಿಸಿ ವೀರನಾದ ಮನುಷ್ಯ, ಕರೆ ಕೇಳಿದ್ದೇ ನಾಯಿಯ ಹಾಗೆ ಓಡಿ ಹಿಂದಿನ ಕಂಬಿಗೆ ಕೈ ಹಾಕಿದೆ. ಪಕ್ಕದಲ್ಲಿ ಇನ್ನೂ ಮೂರು ಜೊತೆ ಕೈ ಬಿದ್ದವು. ಇಬ್ಬರು ಹಳಬರು, ಮೂರನೆಯವನು ಅಂದು ಬೆಳಿಗ್ಗೆಯಷ್ಟೇ ತಕ್ಕಡಿ ಹತ್ತಿ ಯಂಕಪ್ಪನ ಜಾಗಕ್ಕೆ ಬಂದವನು. ಅವನ ಅಂಗಿ ಸೊಂಟದ ಹತ್ತಿರ ಉಬ್ಬಿತ್ತು. ಬೆನ್ನಿನ ಮೇಲೆ ಗಂಟು.

ನಾನು ಕಟ್ಟಿದ್ದಲ್ಲ. ನಾನು ಕಲಿಸಿದ್ದು.

ಕೈ ಬಿಟ್ಟೆ. "ಹತ್ತಬ್ಯಾಡ್ರಿ" ಎಂದೆ. ಮೂವರೂ ನನ್ನ ಮುಖ ನೋಡಿದರು. "ಯಾರೂ ಹತ್ತಬ್ಯಾಡ್ರಿ. ಬೀಳ್ತದಂದ್ರ ಬೀಳ್ಲಿ. ದೂರ ಸರೀರಿ."

"ಏಯ್, ಹತ್ರೋ" ಎಂದ ನರೇಶ್. ಎಂದ ಮೇಲೆ ಅಧಿಕಾರಿಯ ನೆನಪಾಗಿ ಬಾಯಿ ಮುಚ್ಚಿದ. ಯಾರೂ ಹತ್ತಲಿಲ್ಲ. ನಾಲ್ವರೂ ಹಿಂದೆ ಸರಿದು ನಿಂತೆವು. ಆ ದೊಡ್ಡ ಹಳದಿ ಗಾಡಿ ಹಿಂಗಾಲು ಎತ್ತಿಕೊಂಡು ಗಾಳಿಯಲ್ಲಿ ನಿಂತಿತ್ತು. ಮುನಿಯಣ್ಣ ನಿಧಾನವಾಗಿ ಲಿವರ್ ಬಿಟ್ಟ. ಚಕ್ರ ನೆಲ ಮುಟ್ಟಿತು. ಅವನು ಇಳಿದು ಬಂದು ಗಾಡಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತ. "ಬರ್ಕಳಿ ಸಾಮಿ" ಎಂದ ಅಧಿಕಾರಿಗೆ. "ನಾನೇ ಅತ್ತುಸ್ತಿದ್ದಿದ್ದು. ಅವ್ನು ಕಳ್ಳ ಅಲ್ಲ."

ಅಧಿಕಾರಿ ಹೊಸ ಹಾಳೆ ತೆಗೆದರು. ನನ್ನನ್ನು ಕೇಳಿದರು, "ನಿಮ್ ಕೆಲಸ ಏನು?"

ಜಾಕೆಟ್ ಬಿಚ್ಚಿ ಚಿಲ್ಲರಿನ ಮೇಲೆ ಹಾಕಿದೆ. "ತೂಕ ಅಂತ ಬರೀರಿ ಸಾರ್. ತೊಂಬತ್ನಾಕ ಕೆಜಿ. ಯಂಕಪ್ಪ ಅರವತ್ತೊಂದು. ಉಳಿದ ಒಂಬತ್ತು ಕಬ್ಬಿಣ. ಕಟ್ಟಿದಾಂವ ನಾ. ಅದು ಆಂವಗ ಬೇಕಾಗಿರಲಿಲ್ಲ, ಇವರಿಗೆ ಬೇಕಾಗಿತ್ತು. ಮೊದಲಿನ ಸಹಿನೂ ನಂದ. ಓದೇ ಮಾಡೀನಿ."

ಚೀಲದ ಮೇಲೆ ಹಾಳೆಯಿಟ್ಟು ಅವರು ಬರೆದರು. ನಾನು ಓದಿ ಸಹಿ ಮಾಡಿದೆ. ನರೇಶ್ ಆಗಲೇ ಫೋನಿನಲ್ಲಿ ಯಾವುದೋ ವಕೀಲರನ್ನು ಹಿಡಿದಿದ್ದ. ಸ್ಫೂರ್ತಿ ಮೇಡಂ ನನ್ನ ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ, ಇದನ್ನು ಇಲ್ಲಿ ಇಡುವ ಹಾಗಿಲ್ಲ ಎಂದರು.

ಗೇಟಿನ ಹೊರಗೆ ಚನ್ನಕ್ಕ ಕಾಯುತ್ತಿದ್ದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವಳಿಗೂ ಅದು ಗೊತ್ತಿದ್ದಿರಬೇಕು.

"ಕಟ್ಟಿದ ಕೈನೂ ನಿಂದ. ಸಹಿ ಮಾಡಿದ ಕೈನೂ ನಿಂದ" ಎಂದಳು. "ಇವತ್ತ ಬೆರಳ ತೋರಿಸಿದ್ದೂ ಅದ ಕೈ. ನಾ ನಿನ್ನ ಊಟಕ್ಕ ಬಾ ಅನ್ನಂಗಿಲ್ಲ. ಸೋಮವಾರ ಲೇಬರ್ ಆಫೀಸಿಗೆ ಬಾ. ಎಲ್ಲಾರ ಮುಂದ ಇದ ಮಾತು ಮತ್ತೊಮ್ಮೆ ಹೇಳು."

ಸೋಮವಾರ ಬೆಳಿಗ್ಗೆ ಎದ್ದೆ. ಚೊಂಬುಗಟ್ಟಲೆ ನೀರು ಕುಡಿಯಲಿಲ್ಲ. ಗುಜರಿ ಅಂಗಡಿಯ ಮುಂದೆ ಹಾಯುವಾಗ ತಕ್ಕಡಿಯ ಹತ್ತಿರ ಸಾಲು ಇರಲಿಲ್ಲ. ಬಸ್ಸು ಸಿಗಲಿಲ್ಲ, ಲೇಬರ್ ಆಫೀಸಿಗೆ ಅರ್ಧ ದಾರಿ ನಡೆದೇ ಹೋದೆ. ಏದುಸಿರು ಬಂತು, ಮೊಣಕಾಲು ನೋಯಿತು, ಎರಡು ಕಡೆ ಕೂತು ಸುಧಾರಿಸಿಕೊಂಡೆ. ತೊಂಬತ್ತನಾಲ್ಕು ಕೆಜಿ ಎಂದರೆ ಇಷ್ಟು ಭಾರ ಎಂಬುದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅದನ್ನು ಹೊತ್ತು ನಿಂತಿದ್ದೆ, ಹೊತ್ತುಕೊಂಡು ಎಲ್ಲಿಗೂ ಹೋಗಿರಲಿಲ್ಲ.